ಸಾಧುಮಾನ: ಸಂಭವನೀಯತೆಯನ್ನು ನುಡಿಯುವ ವರ್ಗೀಕರಣಕ್ಕೆ ತಕ್ಕ ಅಳತೆಗೋಲು

1884ರಲ್ಲಿ ಅಮೆರಿಕದ ಸೈನ್ಯದ ಸಿಗ್ನಲ್ ಕೋರ್‌ಗೆ ಸೇರಿದ ಜಾನ್ ಫಿನ್ಲೆ ಎಂಬಾತನು ಸುಂಟರಗಾಳಿಯನ್ನು ಕುರಿತು ಹೊರಡಿಸಿದ 2803 ಮುನ್ಸೂಚನೆಗಳಲ್ಲಿ 2708 ನಿಜವಾದುವು, ನೂರಕ್ಕೆ 96.6ರ ಈ ಯಶಸ್ಸನ್ನು ಕಂಡು ಯಾರಾದರೂ ತಲೆದೂಗುವಂತಿತ್ತು. ಆದರೆ ಭೂವಿಜ್ಞಾನಿ ಗಿಲ್ಬರ್ಟನು ಅದೇ ವರ್ಷ ಈ ಲೆಕ್ಕದ ಪೊಳ್ಳುತನವನ್ನು ಬಯಲುಮಾಡಿದನು. ಸುಂಟರಗಾಳಿ ಬೀಸಿದ ಸಂದರ್ಭಗಳು 51 ಮಾತ್ರವಾಗಿದ್ದುದರಿಂದ, 'ಬೀಸದು, ಬೀಸದು' ಎಂದು ಕಣ್ಣುಮುಚ್ಚಿ ಜಪಿಸುತ್ತ ಕುಳಿತವನಿಗೂ ನೂರಕ್ಕೆ 98.2ರ ಯಶಸ್ಸು ಲಭಿಸುತ್ತಿತ್ತು! ಆ 51ರಲ್ಲಿ 28ನ್ನು ಮುಂಗಂಡ ಫಿನ್ಲೆಯ ಪರಿಶ್ರಮ, ಏನನ್ನೂ ಕಾಣದವನ ಆಲಸ್ಯಕ್ಕಿಂತ ಕೀಳೆಂದು ಆ ಅಳತೆಗೋಲು ತೀರ್ಪಿತ್ತಿತು.

ಹೌದು–ಅಲ್ಲಗಳ ಎಣಿಕೆಯನ್ನು ಬಿಟ್ಟು ಸಂಭವನೀಯತೆಯ ಸಂಖ್ಯೆಯನ್ನೇ ತೂಗುವ ಮಾರ್ಗವನ್ನು 1950ರಲ್ಲಿ ಗ್ಲೆನ್ ಬ್ರಯರ್ ಸೂಚಿಸಿದನು. ನುಡಿದ ಸಂಖ್ಯೆಗೂ ನಡೆದುದಕ್ಕೂ ಇರುವ ಅಂತರದ ವರ್ಗವೇ ಅವನ ದಂಡ. ನಡೆದುದರ ಬೆಲೆ, ಘಟನೆ ನಡೆದರೆ 1, ನಡೆಯದಿದ್ದರೆ 0. ವರ್ಗವೇಕೆ, ಬರಿಯ ಅಂತರ ಸಾಲದೆ ಎಂದು ಕೇಳುವವರುಂಟು. ನಾಳೆ ಮಳೆಯಾಗುವ ಸಂಭವ 0.3 ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡವನೊಬ್ಬನನ್ನು ಭಾವಿಸೋಣ. ಬರಿಯ ಅಂತರವೇ ದಂಡವಾದರೆ, 0.3 ಎಂದು ನುಡಿದವನು ಸರಾಸರಿ 0.42 ತೆರಬೇಕು, ಮನಸ್ಸನ್ನು ಮರೆಮಾಚಿ 0 ಎಂದರೆ 0.30 ತೆತ್ತರಾಯಿತು. ಸುಳ್ಳಿಗೆ ರಿಯಾಯಿತಿ! ವರ್ಗವನ್ನು ದಂಡವಾಗಿಸಿದೊಡನೆ 0 ಎಂಬುದಕ್ಕೆ 0.30 ಹಾಗೆಯೇ ಉಳಿದು, 0.3 ಎಂಬುದಕ್ಕೆ 0.21 ಆಗುತ್ತದೆ, ಬೇರೆ ಯಾವ ಸಂಖ್ಯೆಯನ್ನು ನುಡಿದರೂ ಇದಕ್ಕಿಂತ ಹೆಚ್ಚೇ. ನಂಬಿದುದನ್ನೇ ನುಡಿದವನಿಗೆ ಅತ್ಯಲ್ಪ ದಂಡ ವಿಧಿಸುವ ಇಂಥ ಮಾನವನ್ನು, ವೈಯಾಕರಣರು ಶುದ್ಧ ಶಬ್ದರೂಪವನ್ನು ಕರೆಯುವಂತೆ, 'ಸಾಧು' ಎಂದು ಕರೆಯಲು ಬಯಸುತ್ತೇನೆ. ಮಾನದಂಡದ ಆಯ್ಕೆಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಈ ಸಾಧುತ್ವವನ್ನೇ ಎಂಬುದು ನನ್ನ ಪಕ್ಷ.

1952ರಲ್ಲಿ ಐ. ಜೆ. ಗುಡ್ ಮುಂದಿಟ್ಟ, ನಡೆದುದಕ್ಕೆ ನುಡಿದಿದ್ದ ಸಂಭವನೀಯತೆಯ ಋಣ ಲಾಗರಿದಮ್ಮನ್ನೇ ದಂಡವಾಗಿಸುವ ಲಾಗರಿದಮ್ ಮಾನವೂ ಸಾಧುವೇ, ಆದರೆ ಕಠೋರ. ಆಗದೆಂದು ಖಂಡಿತವಾಗಿ 0 ನುಡಿದ ಸಂಗತಿ ಒಮ್ಮೆ ಆಗಿಬಿಟ್ಟರೆ ದಂಡ ಅನಂತವಾಗಿ, ವರುಷಗಳ ಸಾಧನೆ ಒಂದೇ ದಿನ ಕೊಚ್ಚಿಹೋಗುತ್ತದೆ. ಅಪಾಯವನ್ನು 'ಅಸಂಭವ'ವೆನ್ನುವ ದುಡುಕು ಪ್ರಾಣಾಂತಿಕವಾದೆಡೆ ಈ ಕಾಠಿನ್ಯವೇ ಲೇಸು.

ರಾಡಾರ್ ಸಂಕೇತಗಳ ವಿಶ್ಲೇಷಣೆಯಿಂದ ಬೆಳೆದುಬಂದ, ನಿಜ ಎಚ್ಚರಿಕೆಗಳ ಪ್ರಮಾಣವನ್ನು ಹುಸಿ ಎಚ್ಚರಿಕೆಗಳ ಪ್ರಮಾಣದೆದುರು ತೋರಿಸುವ ಆರ್‌ಒಸಿ ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ಇಂದು ಬಹುಜನಪ್ರಿಯ. ಆದರೆ ಅದು ನೋಡುವುದು ಪಂಕ್ತಿಯ ಕ್ರಮವನ್ನಷ್ಟೆ; ಎಲ್ಲ ಸಂಖ್ಯೆಗಳನ್ನೂ ಅರ್ಧಕ್ಕಿಳಿಸಿದರೂ ಅದು ಮಿಸುಕದು. ಯಾವ ರೋಗಿಯನ್ನು ಮೊದಲು ಪರೀಕ್ಷಿಸಬೇಕೆಂಬ ಪ್ರಶ್ನೆಗೆ ಕ್ರಮ ಸಾಕಾದೀತು. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂದು ನಿರ್ಣಯಿಸುವ ವೈದ್ಯನಿಗಾದರೋ 0.8ಕ್ಕೂ 0.4ಕ್ಕೂ ಇರುವ ಅಂತರವೇ ಸರ್ವಸ್ವ.

ಸಾಧುಮಾನವನ್ನೂ ಒಂಟಿಯಾಗಿ ಓದಲಾಗದು. ಫಿನ್ಲೆಯ ಸುಂಟರಗಾಳಿಗಳಿಗೇ ಮರಳಿದರೆ, ಪ್ರತಿಸಲವೂ 51ನ್ನು 2803ರಿಂದ ಭಾಗಿಸಿ ಬಂದ 0.018ನ್ನೇ ಹೇಳುತ್ತಿದ್ದವನಿಗೆ ಬ್ರಯರನ ದಂಡ ಸುಮಾರು 0.0179, ನೋಡಲು ಎಷ್ಟು ಅಲ್ಪ! ಆಕಾಶವನ್ನು ಒಮ್ಮೆಯೂ ತಲೆಯೆತ್ತಿ ನೋಡದವನ ದಂಡವಿದು. ಹೊಸ ಮಾದರಿಯ ಅಂಕವನ್ನು ಮೊದಲು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು.