ಎಲೆಯ ಘಮ, ಹಾಳೆಯ ತೇವ

ಕರಾವಳಿಯಲ್ಲಿ ನಾಗರಪಂಚಮಿಗೆ ಅರಿಶಿನದ ಎಲೆಯಲ್ಲಿ ಮಡಚಿ ಬೇಯಿಸುವ ಸಿಹಿ ಕಡುಬನ್ನು ನಮ್ಮಲ್ಲಿ ಅನೇಕರು ತಿಂದಿದ್ದೇವೆ. ಎಲೆ ಎಸೆದರೂ ಅದರ ಘಮ ಕಡುಬಿನಲ್ಲಿ ಉಳಿಯುತ್ತದೆ. ಹೊದಿಕೆಯಲ್ಲಿರುವ ಸಸ್ಯತೈಲ ಆಹಾರಕ್ಕೆ ಇಳಿಯುವ ಈ ಗುಣವನ್ನೇ ವಿಜ್ಞಾನಿಗಳು ಈಗ ಮಣ್ಣಿನಲ್ಲಿ ಕೊಳೆಯುವ ಹಾಳೆಗಳಿಗೆ ತರಲು ಹೆಣಗುತ್ತಿದ್ದಾರೆ.

ಸಸ್ಯದಿಂದ ಪಾರದರ್ಶಕ ಹಾಳೆ ಮಾಡುವುದು ಹೊಸತೇನಲ್ಲ. ಸ್ವಿಸ್ ರಸಾಯನ ವಿಜ್ಞಾನಿ ಜಾಕ್ ಬ್ರಾಂಡನ್‌ಬರ್ಗರ್ ಕಳೆದ ಶತಮಾನದ ಆರಂಭದಲ್ಲಿಯೇ ಮರದ ಸೆಲ್ಯುಲೋಸಿನಿಂದ ಸೆಲೊಫೇನ್ ತಯಾರಿಸಿದರು. ಹಾಳೆ ಬಿರುಸಾಗದಿರಲೆಂದು ಗ್ಲಿಸರಿನ್ ಬೆರೆಸಿದರು. ಆದರೆ ಅದು ನೀರನ್ನು ತಡೆದರೂ ನೀರಾವಿಯನ್ನು ತಡೆಯಲಿಲ್ಲ. ಸುತ್ತಿಟ್ಟ ಮಿಠಾಯಿ ಹಾಳೆಗೇ ಅಂಟಿಕೊಳ್ಳುತ್ತಿತ್ತು, ಚುಟ್ಟ ಒಣಗುತ್ತಿತ್ತು. 1927ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ನೈಟ್ರೊಸೆಲ್ಯುಲೋಸ್ ಮತ್ತು ಮೇಣದ ತೆಳು ಲೇಪ ಕೊಟ್ಟ ಮೇಲೆಯೇ ಸೆಲೊಫೇನ್ ಅಂಗಡಿಗಳನ್ನು ಗೆದ್ದಿತು.

ಆ ಗೆಲುವು ಬಹುಕಾಲ ನಿಲ್ಲಲಿಲ್ಲ. 1933ರಲ್ಲಿ ಇಂಗ್ಲೆಂಡಿನಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನ್ ತೇವಕ್ಕೆ ಜಗ್ಗಲಿಲ್ಲ, ಅಗ್ಗವೂ ಆಯಿತು. ಮಣ್ಣಿಗೂ ಅದು ಜಗ್ಗುವುದಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. (ಊರಿನಿಂದ ನಾವು ತರುವ ಚಟ್ನಿಪುಡಿಯೂ ಪ್ಲಾಸ್ಟಿಕ್ ಪೊಟ್ಟಣದಲ್ಲೇ. ಆದ್ದರಿಂದ ಹೆಚ್ಚು ದೂರುವ ಹಾಗಿಲ್ಲ.)

ಹಾಗಾಗಿ ಸಂಶೋಧಕರು ಮತ್ತೆ ಸಸ್ಯದತ್ತ ತಿರುಗಿದ್ದಾರೆ. ಪಿಷ್ಟದ ಹಾಳೆ, ಅದಕ್ಕೆ ಅದೇ ಹಳೆಯ ಗ್ಲಿಸರಿನ್, ಜೊತೆಗೆ ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಬೂಷ್ಟನ್ನು ತಡೆಯುತ್ತದೆ. ಎಣ್ಣೆ ಹೆಚ್ಚಾದರೆ ಬ್ರೆಡ್ಡಿಗೆಲ್ಲ ಲವಂಗದ ವಾಸನೆ, ಕಡಿಮೆಯಾದರೆ ಬೂಷ್ಟು. ಕಡುಬಿಗಾದರೋ ನಾವು ಕಾಯುವುದೇ ಆ ಘಮಕ್ಕೆ, ಬ್ರೆಡ್ಡಿಗೆ ಅದು ಬೇಡ. ಇದರ ಮೇಲೆ, ಪಿಷ್ಟದ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ. ಚಾರ್ಚ್ ಎದುರಿಸಿದ ತೇವದ ಕಾಟ ಹೀಗೆ ಬೇರೆ ರೂಪದಲ್ಲಿ ಮತ್ತೆ ಬಂದಿದೆ. ಈ ಸಲ ಹಚ್ಚುವ ಲೇಪವೂ ಮಣ್ಣಿನಲ್ಲಿ ಕೊಳೆಯಬೇಕು.