ಆರ್‌ಸಿಬಿ ಮೇಲೆ ನಮಗೆ 17 ವರ್ಷ ಸಿಟ್ಟು ಯಾಕಿತ್ತು?

2024ರ ನವೆಂಬರ್ 24, ಭಾನುವಾರ ಸಂಜೆ. ಹನುಮಸಾಗರದ ಒಂದು ಚಹಾ ಅಂಗಡಿಯಲ್ಲಿ ಒಂದೇ ಮೊಬೈಲಿನ ಸುತ್ತ ಏಳೆಂಟು ಜನ ಬಗ್ಗಿ ನಿಂತಿದ್ದೆವು. ಅವತ್ತು ಪಂದ್ಯ ಇರಲಿಲ್ಲ. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆದಿತ್ತು. ಕೆ.ಎಲ್. ರಾಹುಲ್ ಹೆಸರು ಕೂಗಿದರು. ಆರ್‌ಸಿಬಿ ಕಡೆಯವರು ಕೈ ಎತ್ತಿದಾಗ ನಮ್ಮ ಕಡೆಯಿಂದ ಸಿಳ್ಳೆ. ಬೆಲೆ ಏರುತ್ತಾ ಹೋದಂತೆ ಅವರು ಹಿಂದೆ ಸರಿದರು. ರಾಹುಲ್ 14 ಕೋಟಿ ರೂಪಾಯಿಗೆ ಡೆಲ್ಲಿ ತಂಡದ ಪಾಲಾದರು.

"ನಮ್ಮ ಹುಡುಗನ್ನ ಮತ್ತ ಬಿಟ್ರಲೇ ಇವರು!" ಎಂದು ಗೆಳೆಯನೊಬ್ಬ ಚಹಾದ ಗ್ಲಾಸನ್ನು ಕಟ್ಟೆಗೆ ಕುಕ್ಕಿದ. ಅಂಗಡಿ ಕಾಕಾ ಒಲೆ ಮುಂದಿನಿಂದಲೇ ಅಂದರು: "ಎತ್ತು ಮಾರಿದವರು ಅವರು, ಹಗ್ಗ ಹಿಡ್ಕೊಂಡು ಅಳೂದು ನೀವು. ನಿಮಗೇನ ಬಂತೋ ತಮ್ಮಾ ಅದರಾಗ?"

ಎಲ್ಲರೂ ನಕ್ಕೆವು. ಆದರೆ ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಬೆಂಗಳೂರಿನ ಆ ಸ್ಟೇಡಿಯಮ್ಮನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ಕಡಿಮೆ. ತಂಡದ ಹೆಸರು ಬಂದದ್ದೇ ಒಂದು ಮದ್ಯದ ಬ್ರಾಂಡಿನಿಂದ. ಹಾಗಿದ್ದೂ ಅಷ್ಟು ವರ್ಷ ನಮಗೆ ಯಾಕೆ ಅಷ್ಟು ಸಿಟ್ಟು? ಉತ್ತರ ಹುಡುಕಲು ಆರ್‌ಸಿಬಿಯ ಹಳೆಯ ಲೆಕ್ಕ ತೆಗೆದೆ. ಸೋಲಿನ ಲೆಕ್ಕ ಎಲ್ಲರಿಗೂ ಬಾಯಿಪಾಠ. ಯಾರನ್ನು ಕೊಟ್ಟರು, ಯಾರನ್ನು ತಂದರು ಎಂಬ ಲೆಕ್ಕ ನೋಡಿದರೆ ಕಥೆ ಬೇರೆ ಕಾಣುತ್ತದೆ.

ಮೊದಲ ದಿನವೇ ಪೆಟ್ಟು

ಐಪಿಎಲ್ ಶುರುವಾದದ್ದು 2008ರ ಏಪ್ರಿಲ್ 18ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ವಿಜಯ್ ಮಲ್ಯ ಅವರ ಕಂಪನಿ 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡಿತ್ತು. ಮುಂಬೈ ಬಿಟ್ಟರೆ ಅದೇ ದುಬಾರಿ ತಂಡ. ನಾಯಕ ರಾಹುಲ್ ದ್ರಾವಿಡ್, ಜೊತೆಗೆ ಅನಿಲ್ ಕುಂಬ್ಳೆ. ಇಬ್ಬರೂ ನಮ್ಮವರು.

ಆ ರಾತ್ರಿ ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮ ಇಡೀ ತಂಡ 82ಕ್ಕೆ ಮುಗಿಯಿತು. 140 ರನ್ ಸೋಲು. ಆ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ. "ಇದು ಟೆಸ್ಟ್ ಟೀಮ್" ಎಂದು ದೇಶವೆಲ್ಲ ಆಡಿಕೊಂಡಿತು. ಬೇಸರವಾಯಿತು, ಸಿಟ್ಟು ಬರಲಿಲ್ಲ. ಸೋತವರು ನಮ್ಮವರೇ ಆಗಿದ್ದರು.

ಮೊದಲ ಅದಲು ಬದಲು

ಐಪಿಎಲ್‌ನಲ್ಲಿ ಆಟಗಾರ ತಂಡ ಬದಲಿಸಲು ಎರಡು ದಾರಿ. ಒಂದು ಹರಾಜು. ಇನ್ನೊಂದು ಟ್ರೇಡ್, ಅಂದರೆ ಎರಡು ತಂಡಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಆಟಗಾರರನ್ನು ಬದಲಿಸಿಕೊಳ್ಳುವುದು, ಇಲ್ಲವೇ ದುಡ್ಡು ಕೊಟ್ಟು ಕರೆದುಕೊಳ್ಳುವುದು.

2009ರಲ್ಲಿ ಆರ್‌ಸಿಬಿ ತನ್ನ ವೇಗಿ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು, ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ತಂದಿತು. ನಮ್ಮ ಹುಡುಗ ಮನೆಗೆ ಬಂದ ಎಂದು ಖುಷಿಪಟ್ಟೆವು. ಒಬ್ಬ ಒಳ್ಳೆಯ ಬೌಲರ್ ಹೋದ ಎಂದು ಯಾರೂ ಚಿಂತಿಸಲಿಲ್ಲ. ಬೌಲರ್ ಬಗ್ಗೆ ಚಿಂತಿಸದ ಈ ಚಾಳಿ ಮುಂದೆ ದುಬಾರಿಯಾಯಿತು.

ಆ ವರ್ಷ ಪಂದ್ಯಗಳು ದಕ್ಷಿಣ ಆಫ್ರಿಕಾದಲ್ಲಿ ನಡೆದವು. ಕರ್ನಾಟಕದ ಮನೀಶ್ ಪಾಂಡೆ ಆರ್‌ಸಿಬಿ ಪರ 114 ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಎನಿಸಿದರು. ಫೈನಲ್‌ನಲ್ಲಿ ನಾಯಕ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರು. ಗೆಲ್ಲಲು 144 ಬೇಕಿತ್ತು, 137ಕ್ಕೆ ನಿಂತೆವು. ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ ಸೋಲು. ಈ 6 ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಮನೆ ಖಾಲಿಯಾದ ವರ್ಷ

ಸಿಟ್ಟಿನ ಬೀಜ ಬಿದ್ದದ್ದು 2011ರಲ್ಲಿ. ಎಲ್ಲ ತಂಡಗಳೂ ಹೆಚ್ಚೆಂದರೆ ನಾಲ್ವರನ್ನು ಉಳಿಸಿಕೊಂಡು ಬಾಕಿಯವರನ್ನು ಹರಾಜಿಗೆ ಬಿಡಬೇಕಿತ್ತು. ಚೆನ್ನೈ ಮತ್ತು ಮುಂಬೈ ನಾಲ್ಕು ನಾಲ್ಕು ಜನರನ್ನು ಉಳಿಸಿಕೊಂಡವು. ಆರ್‌ಸಿಬಿ ಉಳಿಸಿಕೊಂಡದ್ದು ಒಬ್ಬರನ್ನೇ: ವಿರಾಟ್ ಕೊಹ್ಲಿ.

ಕೊಹ್ಲಿ ವಿಷಯದಲ್ಲಿ ಅವರ ಲೆಕ್ಕ ತಪ್ಪಲಿಲ್ಲ. ಆದರೆ ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ಉತ್ತಪ್ಪ, ಪಾಂಡೆ ಪುಣೆಗೆ ಹೋದರು. ಕುಂಬ್ಳೆ ಆಟವನ್ನೇ ಬಿಟ್ಟರು. ಒಂದೇ ವರ್ಷದಲ್ಲಿ ತಂಡದ ಕನ್ನಡದ ಮುಖಗಳು ಚೆದುರಿಹೋದವು.

ಹರಾಜಿನಲ್ಲಿ ಯಾರೂ ಕೊಳ್ಳದ ಕ್ರಿಸ್ ಗೇಲ್ ಅದೇ ವರ್ಷ ಗಾಯಾಳುವಿನ ಬದಲಿಗೆ ಬಂದು 608 ರನ್ ಹೊಡೆದರು. ಎಬಿ ಡಿವಿಲಿಯರ್ಸ್ ಬಂದರು. ನಾವು ಹಳೆಯ ನೋವು ಮರೆತು ಕುಣಿದೆವು. ಫೈನಲ್‌ನಲ್ಲಿ ಎದುರಾದದ್ದು ತನ್ನ ಹಳೆಯ ಬಳಗ ಉಳಿಸಿಕೊಂಡಿದ್ದ ಚೆನ್ನೈ. 58 ರನ್ ಸೋಲು.

ನಮ್ಮ ಮೈದಾನ, ನಮ್ಮ ಹುಡುಗರು, ಅವರ ಕಪ್

ಎಲ್ಲಕ್ಕಿಂತ ಹೆಚ್ಚು ಉರಿದದ್ದು 2014ರಲ್ಲಿ. 2013-14 ಮತ್ತು 2014-15, ಈ ಎರಡು ಋತುಗಳಲ್ಲಿ ಕರ್ನಾಟಕ ರಾಜ್ಯ ತಂಡ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್‌ಗಳನ್ನು ಎರಡೆರಡು ಸಲ ಗೆದ್ದಿತು. ನಾಯಕ ದಾವಣಗೆರೆಯ ವಿನಯ್ ಕುಮಾರ್. ದೇಶದಲ್ಲಿ ಅಂಥ ತಂಡ ಇನ್ನೊಂದಿರಲಿಲ್ಲ.

ಅವರಲ್ಲಿ ಎಷ್ಟೋ ಜನ ಐಪಿಎಲ್‌ನಲ್ಲಿ ಬೇರೆಯವರ ಅಂಗಿ ತೊಟ್ಟಿದ್ದರು. ಉತ್ತಪ್ಪ, ಪಾಂಡೆ, ವಿನಯ್ ಕೋಲ್ಕತ್ತದಲ್ಲಿ. ರಾಹುಲ್ ಹೈದರಾಬಾದಿನಲ್ಲಿ. ಕರುಣ್ ನಾಯರ್, ಸ್ಟುವರ್ಟ್ ಬಿನ್ನಿ ರಾಜಸ್ಥಾನದಲ್ಲಿ. ಆರ್‌ಸಿಬಿ 14 ಕೋಟಿ ಕೊಟ್ಟು ಯುವರಾಜ್ ಸಿಂಗ್ ಅವರನ್ನು ತಂದು ಏಳನೇ ಸ್ಥಾನಕ್ಕೆ ಇಳಿಯಿತು.

ಆ ವರ್ಷದ ಫೈನಲ್ ಜೂನ್ 1ರಂದು ಚಿನ್ನಸ್ವಾಮಿಯಲ್ಲೇ ನಡೆಯಿತು. ಪಂಜಾಬ್ ಕೊಟ್ಟ 200ರ ಗುರಿಯನ್ನು ಕೋಲ್ಕತ್ತ ಮುಟ್ಟಿತು. ಮುಟ್ಟಿಸಿದವರು ಮನೀಶ್ ಪಾಂಡೆ, 94 ರನ್. ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ರನ್, 660, ಉತ್ತಪ್ಪ ಅವರದು. ನಮ್ಮ ಮೈದಾನದಲ್ಲಿ ನಮ್ಮ ಹುಡುಗರು ಕೋಲ್ಕತ್ತಕ್ಕೆ ಕಪ್ ಗೆದ್ದುಕೊಟ್ಟರು.

ಅಮೆರಿಕದಲ್ಲೂ ಇದೇ ಗೋಳು

ಇದು ನಮ್ಮೊಬ್ಬರದೇ ಕಥೆಯಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ, ದುಂಡು ದಾಂಡಿನಲ್ಲಿ ಚೆಂಡು ಹೊಡೆದು ಓಡುವ ಆಟ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಅದು ಹಾಗೆ. ಬಾಸ್ಟನ್ ರೆಡ್ ಸಾಕ್ಸ್ ತಂಡ 1918ರಲ್ಲಿ ಅಲ್ಲಿನ ದೊಡ್ಡ ಕಪ್ ಗೆದ್ದಿತ್ತು. ಮರುವರ್ಷದ ಆಟ ಮುಗಿದ ಮೇಲೆ ತನ್ನ ಅತಿ ದೊಡ್ಡ ಆಟಗಾರ ಬೇಬ್ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಯಾಂಕೀಸ್ ಕಪ್ ಮೇಲೆ ಕಪ್ ಗೆದ್ದರು. ಬಾಸ್ಟನ್ ಮತ್ತೆ ಗೆದ್ದದ್ದು 2004ರಲ್ಲಿ, 86 ವರ್ಷದ ಮೇಲೆ. ಜನ ಅದನ್ನು ಬೇಬ್ ರೂತ್ ಶಾಪ ಎಂದೇ ಕರೆದರು. ಶಿಕಾಗೊ ಕಬ್ಸ್ ಅಭಿಮಾನಿಗಳು 1908ರಿಂದ 2016ರವರೆಗೆ, 108 ವರ್ಷ ಕಾದರು.

ಶಾಪ ಗೀಪ ಎಲ್ಲ ಬಾಯಿಮಾತು. ಆದರೆ ತಂಡ ಮಾರಿದ್ದನ್ನು ಅಭಿಮಾನಿ ಮರೆಯುವುದಿಲ್ಲ ಎಂಬುದು ಅಲ್ಲೂ ನಿಜ, ಇಲ್ಲೂ ನಿಜ.

973 ರನ್ ಸಾಕಾಗಲಿಲ್ಲ

2016ರಲ್ಲಿ ಟ್ರೇಡ್ ಮೂಲಕ ರಾಹುಲ್ ಮರಳಿ ಬಂದು 397 ರನ್ ಗಳಿಸಿದರು. ಕೊಹ್ಲಿ 973 ಹೊಡೆದರು. ಫೈನಲ್ ಮತ್ತೆ ಚಿನ್ನಸ್ವಾಮಿಯಲ್ಲಿ, ಮೇ 29ರಂದು. ಹೈದರಾಬಾದ್ 208 ಹೊಡೆಯಿತು. ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೆ 114 ಸೇರಿಸಿದ ಮೇಲೂ ನಾವು 200ಕ್ಕೆ ನಿಂತೆವು. 8 ರನ್ ಸೋಲು.

ಬ್ಯಾಟಿಂಗ್ ಸಾಲದಾಯಿತು ಎಂದು ಬೈದೆವು. ನಿಜವಾಗಿ ಸಾಲದಾದದ್ದು ಬೌಲಿಂಗ್. ನಮ್ಮ ಒಬ್ಬ ಬೌಲರ್ ನಾಲ್ಕೇ ಓವರ್‌ನಲ್ಲಿ 61 ರನ್ ಕೊಟ್ಟಿದ್ದ.

ಈ ಸಿಟ್ಟಿಗೆ ನಮ್ಮ ಕಡೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಬೇಕು. ಆ ರಾತ್ರಿ ನನಗೆ ಗೊತ್ತಿರುವ ಒಬ್ಬ ಹುಡುಗ "ಈ ಸಲ ಕಪ್ ನಮ್ದೇ" ಎಂದು ನಂಬಿ ಬೆಟ್ಟಿಂಗ್ ಕಟ್ಟಿದ್ದ. ಬೈಕ್ ಅಡ ಇಟ್ಟದ್ದು ಮನೆಯಲ್ಲಿ ತಿಳಿದದ್ದು ವಾರದ ಮೇಲೆ. ಅಭಿಮಾನದಿಂದ ದುಡ್ಡು ಕಟ್ಟಿದವನು ಎರಡು ಸಲ ಸೋಲುತ್ತಾನೆ. ಅಂಥ ಮನೆ ನಿಮ್ಮೂರಲ್ಲೂ ಒಂದಾದರೂ ಇರಬಹುದು.

ಕೊಟ್ಟವರು ಹೋಗಿ ಗೆದ್ದರು

ಮರುವರ್ಷ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್, ಕೊನೆಯ ಸ್ಥಾನ. 2018ಕ್ಕೆ ರಾಹುಲ್ ಅವರನ್ನೂ ಗೇಲ್ ಅವರನ್ನೂ ಬಿಟ್ಟರು. ಇಬ್ಬರೂ ಪಂಜಾಬ್ ಸೇರಿದರು. ರಾಹುಲ್ ಆ ವರ್ಷ 659 ರನ್ ಹೊಡೆದರು. 2019ರಲ್ಲಿ ಮೊದಲ ಆರು ಪಂದ್ಯ ಸಾಲಾಗಿ ಸೋತು ಮತ್ತೆ ಕೊನೆಗೆ.

2022ರ ಹರಾಜಿನ ಹೊತ್ತಿಗೆ ದೇವದತ್ತ ಪಡಿಕ್ಕಲ್, ಯಜುವೇಂದ್ರ ಚಾಹಲ್ ಇಬ್ಬರನ್ನೂ ರಾಜಸ್ಥಾನ ಕೊಂಡಿತು. ಚಾಹಲ್ ಆ ವರ್ಷ 27 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಫೈನಲ್‌ಗೆ ಒಂದು ಹೆಜ್ಜೆ ಇರುವಾಗ ನಮ್ಮನ್ನು ಸೋಲಿಸಿದ್ದು ಅದೇ ರಾಜಸ್ಥಾನ. ಆ ದಿನ ಮೂರು ವಿಕೆಟ್ ಕಿತ್ತವರು ಬೆಂಗಳೂರಿನ ಪ್ರಸಿದ್ಧ್ ಕೃಷ್ಣ.

ಕೊನೆಗೂ ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17, ಡೆಲ್ಲಿ. ನಾಯಕಿ ಸ್ಮೃತಿ ಮಂಧಾನ. ನಮ್ಮ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಪಡೆದರು. ಗಂಡಸರ ತಂಡ 16 ವರ್ಷದಲ್ಲಿ ಮಾಡದ್ದನ್ನು ಇವರು ಎರಡನೇ ವರ್ಷಕ್ಕೇ ಮಾಡಿದರು.

ಸಿಟ್ಟು ಬಂದ ಹರಾಜೇ ಕಪ್ ತಂದಿತು

ಈಗ ಮತ್ತೆ ಜೆಡ್ಡಾ ಹರಾಜಿಗೆ ಬರೋಣ. ರಾಹುಲ್ ಬರಲಿಲ್ಲ. ಸಿರಾಜ್ ಅವರನ್ನು ಗುಜರಾತ್ ಕೊಂಡಿತು. ಆರ್‌ಸಿಬಿ ದೊಡ್ಡ ದುಡ್ಡು ಸುರಿದದ್ದರಲ್ಲಿ ಇಬ್ಬರು ವೇಗಿಗಳಿದ್ದರು: ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ. ಕೃಣಾಲ್ ಪಾಂಡ್ಯ 5.75 ಕೋಟಿಗೆ ಬಂದರು. ಕನ್ನಡದವರಲ್ಲಿ ಪಡಿಕ್ಕಲ್ 2 ಕೋಟಿಗೆ ಮರಳಿದರು, ನಮ್ಮ ಪಕ್ಕದ ರಾಯಚೂರಿನ ಮನೋಜ್ ಭಾಂಡಗೆ ಕೂಡ ತಂಡದಲ್ಲಿದ್ದರು. "ಇದೇನ್ ಟೀಮಲೇ!" ಎಂದು ಅಂಗಡಿಯಲ್ಲಿ ಎಲ್ಲರೂ ಬೈದದ್ದೇ ಬೈದದ್ದು.

ಬೈದದ್ದಕ್ಕೆ ಶುರುವಿನಲ್ಲಿ ಸಾಕ್ಷಿಯೂ ಸಿಕ್ಕಿತು. 2025ರ ಏಪ್ರಿಲ್ 2ರಂದು ಸಿರಾಜ್ ಚಿನ್ನಸ್ವಾಮಿಗೆ ಬಂದು ಮೂರು ವಿಕೆಟ್ ಕಿತ್ತು ನಮ್ಮನ್ನು ಸೋಲಿಸಿದರು. ಏಪ್ರಿಲ್ 10ರಂದು ರಾಹುಲ್ ಔಟಾಗದೆ 93 ಹೊಡೆದರು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ, ಬ್ಯಾಟನ್ನು ಅಲ್ಲೇ ಊರಿದರು. ಕಾಂತಾರ ಸಿನಿಮಾ ನೋಡಿದವರಿಗೆ ಅರ್ಥ ಹೇಳಬೇಕಿಲ್ಲ: ಇದು ನನ್ನ ನೆಲ. ಸೋತವರು ನಾವು. ಆದರೂ ಅಂಗಡಿಯಲ್ಲಿ ಅರ್ಧ ಜನ ಚಪ್ಪಾಳೆ ಹೊಡೆದರು. 17 ವರ್ಷದ ಸಿಟ್ಟು ಏನೆಂದು ನನಗೆ ತಿಳಿದದ್ದು ಆ ಚಪ್ಪಾಳೆಯಲ್ಲಿ. ಸೋಲನ್ನು ನಾವು ಯಾವತ್ತೋ ಅರಗಿಸಿಕೊಂಡಿದ್ದೆವು, ಅರಗಿಸಿಕೊಳ್ಳಲಾಗದೇ ಇದ್ದದ್ದು ನಮ್ಮವರನ್ನು ಕೈಬಿಟ್ಟದ್ದನ್ನು.

ಆದರೆ ನಾವು ಬೈದ ಅದೇ ತಂಡ ಹೊರಗಿನ ಏಳಕ್ಕೆ ಏಳೂ ಲೀಗ್ ಪಂದ್ಯ ಗೆದ್ದಿತು. ಜೂನ್ 3ರಂದು ಅಹಮದಾಬಾದ್ ಫೈನಲ್‌ನಲ್ಲಿ ಆರ್‌ಸಿಬಿ 190, ಪಂಜಾಬ್ 184. ನಾಲ್ಕು ಓವರ್‌ನಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಂದ್ಯ ತಿರುಗಿಸಿದರು. 2009ರಲ್ಲಿ ಸೋತದ್ದು 6 ರನ್‌ನಿಂದ, ಈಗ ಗೆದ್ದದ್ದೂ 6 ರನ್‌ನಿಂದ.

ಆ ಹನ್ನೊಂದರಲ್ಲಿ ಕರ್ನಾಟಕದವರು ಒಬ್ಬರೇ: ಮಯಾಂಕ್ ಅಗರವಾಲ್. ಅವರೂ ಹಿಂದೊಮ್ಮೆ ಆರ್‌ಸಿಬಿ ಬಿಟ್ಟುಹೋಗಿದ್ದವರು. ಪಡಿಕ್ಕಲ್ ಗಾಯಗೊಂಡಾಗ ಬದಲಿಗೆ ಬಂದವರು.

ಇದು ನಮಗೆ ನುಂಗಲು ಕಷ್ಟದ ಸತ್ಯ. ನಮ್ಮವರನ್ನು ಬಿಟ್ಟದ್ದರ ಬಗ್ಗೆ ನಮ್ಮ ಸಿಟ್ಟು ನ್ಯಾಯವೇ. ಆದರೆ ಕಪ್ ಬಾರದೇ ಇದ್ದದ್ದಕ್ಕೆ ಅದೊಂದೇ ಕಾರಣ ಅಲ್ಲ. ಹೆಸರು ನೋಡಿ ಕೊಂಡ ವರ್ಷಗಳಲ್ಲಿ ಸೋತರು. ಕೆಲಸ ನೋಡಿ ಕೊಂಡ ವರ್ಷ ಗೆದ್ದರು.

ಕೊನೆಗೆ ಉಳಿದದ್ದು

ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ ನೋಡಬೇಕೆಂದು ಬಂದವರು. ಹಿಂದಿನ ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದ ಹುಡುಗರು ಅವತ್ತು ಸಂಜೆ ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದರು. 11 ಮನೆಗಳಿಗೆ ಆ ಕಪ್ಪಿನ ನೆನಪು ಯಾವತ್ತೂ ಬೇರೆಯೇ.

ಕಾಕಾನ ಪ್ರಶ್ನೆಗೆ ನನ್ನಲ್ಲಿ ಈಗ ಇರುವ ಉತ್ತರ ಇಷ್ಟು. ಈ ತಂಡ ಕಂಪನಿಯದು. ಕೊಳ್ಳುವುದು, ಬಿಡುವುದು ಅವರ ವ್ಯಾಪಾರ. ನೋಡೋಣ, ಬೈಯೋಣ, ಕುಣಿಯೋಣ, ಆದರೆ ಹೊಲದ ದುಡ್ಡನ್ನೂ ಜೀವವನ್ನೂ ಅದಕ್ಕೆ ಕಟ್ಟುವುದು ಬೇಡ. ನಮ್ಮವರು ಬೇಕೆಂದರೆ ರಣಜಿ ಆಡುವ ರಾಜ್ಯ ತಂಡ ಇದೆ. ಅದಕ್ಕೆ ಹರಾಜಿಲ್ಲ. ಅದರ ಸ್ಕೋರನ್ನು ನಮ್ಮಲ್ಲಿ ಎಷ್ಟು ಜನ ನೋಡುತ್ತೇವೆ?

ಇದನ್ನು ಬರೆಯುವ ಮುಂಚೆ ಕಾಕಾಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅಂದರು: "ಹೂಂ, ಮುಂದಿನ ಹರಾಜು ಯಾವಾಗಂತ ಮೊದಲ ಹೇಳು. ಅವತ್ತ ಹಾಲು ಎರಡ ಲೀಟರ್ ಜಾಸ್ತಿ ತರಸ್ತೀನಿ."