ಬದಲಿ ಪಿಕಪ್ (ಎಲೆಕ್ಟ್ರಿಕ್ ಗಿಟಾರ್)

ಬದಲಿ ಪಿಕಪ್ ಎಂಬುದು ಎಲೆಕ್ಟ್ರಿಕ್ ಗಿಟಾರಿನಲ್ಲಿ ತಯಾರಿಕೆಯ ವೇಳೆಯಲ್ಲಿಯೇ ಜೋಡಿಸಲಾಗಿದ್ದ ಪಿಕಪ್ಪನ್ನು ತೆಗೆದು, ಅದರ ಸ್ಥಾನದಲ್ಲಿ ಅಳವಡಿಸುವ ಮತ್ತೊಂದು ಪಿಕಪ್. ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಈ ಸಾಧನವು ವಾದ್ಯದ ನಾದಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಬ್ಲೂಸ್, ಜಾಝ್, ರಾಕ್ ಮೊದಲಾದ ಹಲವು ಶೈಲಿಗಳನ್ನು ಒಂದೇ ಗಿಟಾರಿನಲ್ಲಿ ನುಡಿಸುವವರು ಬಹೂಪಯೋಗಿ ಪಿಕಪ್ಪನ್ನು ಬಯಸುತ್ತಾರೆ. ಹೆಚ್ಚು ಪ್ರಬಲವಾದ ಪಿಕಪ್ಪೇ ಹೆಚ್ಚು ಬಹೂಪಯೋಗಿ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ.

ಕಾರ್ಯವಿಧಾನ

ಪಿಕಪ್ಪಿನಲ್ಲಿ ಅಯಸ್ಕಾಂತ ಮತ್ತು ಅದರ ಕಾಂತಕ್ಷೇತ್ರದೊಳಗೆ ಸಾವಿರಾರು ಸುತ್ತುಗಳಷ್ಟು ಸುತ್ತಿದ ತಾಮ್ರದ ಸುರುಳಿ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರದಲ್ಲಿ ಏರಿಳಿತ ಉಂಟಾಗಿ, ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಈ ಕ್ಷೀಣ ಸಂಕೇತವನ್ನು ಆಂಪ್ಲಿಫೈಯರ್ ವರ್ಧಿಸುತ್ತದೆ. ನೈಲಾನ್ ತಂತಿಗಳು ಕಾಂತಕ್ಷೇತ್ರವನ್ನು ಪ್ರಭಾವಿಸುವುದಿಲ್ಲವಾದ್ದರಿಂದ ಅವುಗಳಿಗೆ ಇಂತಹ ಪಿಕಪ್ ಉಪಯೋಗಕ್ಕೆ ಬಾರದು.

ಒಂದೇ ಸುರುಳಿಯುಳ್ಳ ಪಿಕಪ್ಪನ್ನು ಸಿಂಗಲ್ ಕಾಯಿಲ್ ಎನ್ನುತ್ತಾರೆ. ಇದರ ನಾದ ಸ್ಪಷ್ಟ ಹಾಗೂ ತೀಕ್ಷ್ಣ. ಆದರೆ ಇದು ಸುತ್ತಲಿನ ವಿದ್ಯುತ್ ಸಲಕರಣೆಗಳ ಗುಂಯ್‌ಗುಡುವ ಸದ್ದನ್ನೂ ಗ್ರಹಿಸುತ್ತದೆ. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್ ಆಗಿದ್ದು, ಈ ಸದ್ದು ಅದರಿಂದಲೂ ಅದರ ಗುಣಕಗಳಿಂದಲೂ ಉಂಟಾಗುತ್ತದೆ. ಹಂಬಕರ್ ಎಂಬ ಬಗೆಯಲ್ಲಿ ಎರಡು ಸುರುಳಿಗಳಿದ್ದು, ಅವುಗಳ ಸುತ್ತಿನ ದಿಕ್ಕೂ ಕಾಂತಧ್ರುವಗಳೂ ಪರಸ್ಪರ ವಿರುದ್ಧವಾಗಿರುತ್ತವೆ. ಆದಕಾರಣ ಹೊರಗಿನ ಸದ್ದು ಎರಡರಲ್ಲಿಯೂ ವಿರುದ್ಧವಾಗಿ ಮೂಡಿ ಅಳಿದುಹೋಗುತ್ತದೆ. ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಇತಿಹಾಸ

ಅಮೆರಿಕದ ಗಿಬ್ಸನ್ ಸಂಸ್ಥೆಯ ತಂತ್ರಜ್ಞ ಸೆಥ್ ಲವರ್ 1955ರಲ್ಲಿ ಹಂಬಕರ್‌ಗಾಗಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. ಪೇಟೆಂಟ್ ದೊರೆತದ್ದು 1959ರಲ್ಲಿ. ಈ ನಡುವೆ, 1957ರಿಂದ, ಲೆಸ್ ಪಾಲ್ ಗಿಟಾರುಗಳಲ್ಲಿ ಇದನ್ನು ಅಳವಡಿಸಲಾಯಿತು. ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ ಎಂಬ ಚೀಟಿಯನ್ನು ತಳದಲ್ಲಿ ಹೊಂದಿದ್ದ ಆ ಕಾಲದ ಪಿಕಪ್ಪುಗಳು, ಆ ಬರಹದ ಇಂಗ್ಲಿಷ್ ಮೊದಲಕ್ಷರಗಳಿಂದ 'ಪಿಎಎಫ್' ಎಂದು ಪ್ರಸಿದ್ಧವಾದವು.

1972ರಲ್ಲಿ ಲ್ಯಾರಿ ಡಿಮಾರ್ಝಿಯೊ ರೂಪಿಸಿದ 'ಸೂಪರ್ ಡಿಸ್ಟಾರ್ಷನ್' ಬದಲಿ ಪಿಕಪ್ಪುಗಳ ಮಾರುಕಟ್ಟೆಗೆ ನಾಂದಿ ಹಾಡಿತು. 1976ರಲ್ಲಿ ಸೀಮೋರ್ ಡಂಕನ್ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆಯ 'ಜೆಬಿ' ಎಂಬ ಮಾದರಿ ಅತಿ ಹೆಚ್ಚು ಬಳಕೆಯಲ್ಲಿರುವ ಬದಲಿ ಹಂಬಕರ್‌ಗಳಲ್ಲೊಂದು.

ಆಯ್ಕೆಯ ಅಂಶಗಳು

ಸ್ಥಾನ: ವೀಣೆಯ ಕುದುರೆಗೆ ಸಮನಾದ ಬ್ರಿಡ್ಜಿನ ಸಮೀಪದಲ್ಲಿ ತಂತಿಯ ಕಂಪನ ಕಿರಿದು, ನಾದ ತೀಕ್ಷ್ಣ. ಕುತ್ತಿಗೆಯ ಭಾಗದಲ್ಲಿ ಕಂಪನ ಹಿರಿದು, ನಾದ ಮೃದು. ಆದ್ದರಿಂದ ಬ್ರಿಡ್ಜಿನ ಪಿಕಪ್ಪನ್ನು ತುಸು ಪ್ರಬಲವಾಗಿ ತಯಾರಿಸುವುದು ವಾಡಿಕೆ.

ಅಯಸ್ಕಾಂತ: ಅಲ್ಯೂಮಿನಿಯಂ, ನಿಕಲ್ ಮತ್ತು ಕೋಬಾಲ್ಟ್ ಬೆರೆತ ಅಲ್ನಿಕೊ ಮಿಶ್ರಲೋಹ, ಇಲ್ಲವೆ ಸೆರಾಮಿಕ್ ಬಳಕೆಯಲ್ಲಿದೆ. ಅಲ್ನಿಕೊ 2 ಮೃದುವಾದ ನಾದಕ್ಕೂ, ಅಲ್ನಿಕೊ 5 ಸ್ಪಷ್ಟವಾದ ಮಂದ್ರ ಮತ್ತು ತಾರ ಸ್ವರಗಳಿಗೂ, ಸೆರಾಮಿಕ್ ಪ್ರಬಲ ಸಂಕೇತಕ್ಕೂ ಹೆಸರಾಗಿವೆ. ಆದರೂ ನಾದವು ಕೇವಲ ಅಯಸ್ಕಾಂತದಿಂದ ನಿರ್ಧಾರವಾಗುವುದಿಲ್ಲ.

ವಿದ್ಯುತ್ ರೋಧ: ಹಳೆಯ ಪಿಎಎಫ್ ಮಾದರಿಗಳ ರೋಧ ಸುಮಾರು 7ರಿಂದ 9 ಕಿಲೋ ಓಮ್, ಜೆಬಿ ಮಾದರಿಯದು ಸುಮಾರು 16 ಕಿಲೋ ಓಮ್. ಈ ಅಂಕಿಯನ್ನೇ ಪಿಕಪ್ಪಿನ ಬಲವೆಂದು ತಿಳಿಯುವುದು ತಪ್ಪು. ಸುತ್ತುಗಳ ಸಂಖ್ಯೆ ಒಂದೇ ಆಗಿದ್ದರೂ ತೆಳುವಾದ ತಾಮ್ರದ ಎಳೆಯ ರೋಧ ಹೆಚ್ಚಾಗಿರುತ್ತದೆ. ಒಂದೇ ಬಗೆಯ ಎಳೆ ಮತ್ತು ಅಯಸ್ಕಾಂತವುಳ್ಳ ಪಿಕಪ್ಪುಗಳನ್ನು ಹೋಲಿಸುವಾಗ ಮಾತ್ರ ಈ ಅಂಕಿ ಉಪಯುಕ್ತ.

ತಂತಿಗಳ ಅಂತರ: ಗಿಬ್ಸನ್ ಮಾದರಿಯ ಗಿಟಾರುಗಳಿಗಿಂತ ಫೆಂಡರ್ ಮಾದರಿಯವುಗಳಲ್ಲಿ ಬ್ರಿಡ್ಜಿನ ಬಳಿ ತಂತಿಗಳ ಅಂತರ ತುಸು ಹೆಚ್ಚು. ಕೊಳ್ಳುವ ಮೊದಲು ಅಂತರವನ್ನೂ ಪಿಕಪ್ ಕೂರುವ ಕುಳಿಯ ಅಳತೆಯನ್ನೂ ನೋಡಿಕೊಳ್ಳಬೇಕು.

ಬಹೂಪಯೋಗಿ ಗುಣ

ಸುತ್ತುಗಳು ಹೆಚ್ಚಿದಂತೆ ಸಂಕೇತ ಪ್ರಬಲವಾಗುತ್ತದೆ, ಆದರೆ ತಾರ ಸ್ವರಗಳ ಹೊಳಪು ಕುಗ್ಗುತ್ತದೆ. ಪ್ರಬಲ ಸಂಕೇತವು ಆಂಪ್ಲಿಫೈಯರನ್ನು ಬೇಗನೆ ಒರಟು ಧ್ವನಿಗೆ ತಳ್ಳುವುದರಿಂದ ತಿಳಿಯಾದ ನಾದ ಪಡೆಯುವುದು ಕಷ್ಟ. ಮಧ್ಯಮ ಬಲದ ಪಿಕಪ್ಪಿನ ಸಂಕೇತವನ್ನು ಪೆಡಲಿನಿಂದ ಹೆಚ್ಚಿಸಿಕೊಳ್ಳಬಹುದು. ಆದರೆ ಸುರುಳಿಯಲ್ಲಿಯೇ ಕಳೆದುಹೋದ ಸ್ಪಷ್ಟತೆಯನ್ನು ಪೂರ್ಣವಾಗಿ ಮರಳಿ ತರಲಾಗದು. ಆದ್ದರಿಂದ ಹಲವು ಶೈಲಿಗಳಿಗೆ ಮಧ್ಯಮ ಬಲದ ಹಂಬಕರ್ ಸೂಕ್ತ.

ಹೊರಬರುವ ವೈರುಗಳ ಸಂಖ್ಯೆಯೂ ಮುಖ್ಯ. ನಾಲ್ಕು ವೈರುಗಳಿದ್ದರೆ ಸ್ವಿಚ್ಚಿನ ನೆರವಿನಿಂದ ಸುರುಳಿಗಳನ್ನು ಸರಣಿಯಲ್ಲಿ ಅಥವಾ ಸಮಾಂತರವಾಗಿ ಜೋಡಿಸಬಹುದು. ಒಂದೇ ಸುರುಳಿಯನ್ನು ಬಳಸುವುದೂ ಸಾಧ್ಯ. ಒಂದೇ ಸುರುಳಿ ಬಳಸಿದಾಗ ಸದ್ದು ಅಳಿಸುವ ಗುಣ ಇಲ್ಲವಾಗುತ್ತದೆ. ಸಮಾಂತರ ಜೋಡಣೆಯಲ್ಲಿ ಅದು ಉಳಿಯುತ್ತದೆ.

ಅಳವಡಿಕೆ

ಬದಲಾವಣೆಗೆ ಮುನ್ನ ಹೊಸ ತಂತಿಗಳನ್ನು ಕಟ್ಟಿ, ಈಗಿರುವ ಪಿಕಪ್ಪಿನ ಎತ್ತರವನ್ನು ಸರಿಹೊಂದಿಸಿ ನೋಡುವುದು ಲೇಸು. ಎಷ್ಟೋ ವೇಳೆ ಇಷ್ಟರಿಂದಲೇ ದೋಷ ನೀಗುತ್ತದೆ. ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತದ ಸೆಳೆತದಿಂದ ಸ್ವರ ಕದಡುತ್ತದೆ. ದೂರವಿದ್ದರೆ ನಾದ ಕ್ಷೀಣಿಸುತ್ತದೆ.

ಬದಲಾಯಿಸುವಾಗ ಕೇಬಲನ್ನು ಕಳಚಿ, ಹಳೆಯ ಜೋಡಣೆಯ ಚಿತ್ರ ತೆಗೆದಿಟ್ಟುಕೊಂಡ ಬಳಿಕ ಬೆಸುಗೆಯನ್ನು ಬಿಡಿಸಬೇಕು. ವೈರುಗಳ ಬಣ್ಣಗಳ ಅರ್ಥ ಒಬ್ಬೊಬ್ಬ ತಯಾರಕರಲ್ಲಿ ಒಂದೊಂದು ರೀತಿ ಇರುವುದರಿಂದ ಆಯಾ ತಯಾರಕರ ನಕ್ಷೆಯನ್ನೇ ಅನುಸರಿಸಬೇಕು. ಹಂಬಕರ್‌ಗೆ 500 ಕಿಲೋ ಓಮ್, ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್ ಮೌಲ್ಯದ ವಾಲ್ಯೂಮ್ ನಿಯಂತ್ರಕವನ್ನು ಬಳಸುವುದು ರೂಢಿ. ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸಿದಾಗ ನಾದ ತೆಳ್ಳಗಾದರೆ ಅವು ವಿರುದ್ಧ ಕಲೆಯಲ್ಲಿವೆ ಎಂದರ್ಥ. ನಾಲ್ಕು ವೈರುಗಳ ಪಿಕಪ್ಪಿನಲ್ಲಿ ಸಂಕೇತದ ವೈರನ್ನೂ ಭೂಸಂಪರ್ಕದ ವೈರನ್ನೂ ಅದಲುಬದಲು ಮಾಡಿದರೆ ಇದು ಸರಿಹೋಗುತ್ತದೆ. ಕವಚದ ವೈರು ಮಾತ್ರ ಭೂಸಂಪರ್ಕದಲ್ಲಿಯೇ ಇರಬೇಕು.

ತೆಗೆದ ಪಿಕಪ್ಪನ್ನು ಎಸೆಯದೆ ಜೋಪಾನವಾಗಿಡುವುದು ಉತ್ತಮ. ಹಳೆಯ ಗಿಟಾರುಗಳ ಮೌಲ್ಯವು ಮೂಲ ಬಿಡಿಭಾಗಗಳನ್ನು ಅವಲಂಬಿಸಿದ್ದು, 1950ರ ದಶಕದ ಪಿಎಎಫ್ ಪಿಕಪ್ಪುಗಳು ಇಂದು ಸಂಗ್ರಾಹಕರಲ್ಲಿ ಭಾರಿ ಬೆಲೆ ಪಡೆದಿವೆ.